ಅಕ್ಕನ ಪಟ್ಟಿ

ಓದುಗ ಗೆಳತಿಯರೇ, ನಿಮ್ಮಲ್ಲಿ ಸಿಗಂದೂರಿನ ಲಾಂಚ್ ಹತ್ತಿದವರು ಎಷ್ಟು ಮಂದಿ ಇದ್ದೀರಿ? ಶರಾವತಿ ಹಿನ್ನೀರಿನ ದಡದಲ್ಲಿ ಸಾಲಾಗಿ ನಿಂತ ಕಾರು, ಜೀಪು, ಬಸ್ಸುಗಳು ಒಂದೊಂದಾಗಿ ಗಡಗಡ ಸದ್ದು ಮಾಡುತ್ತಾ ಲಾಂಚಿಗೆ ಏರುತ್ತಿದ್ದವು. ನಾವು ಹೂವು, ಹಣ್ಣು, ಕಾಯಿಯ ಬುಟ್ಟಿ ಹಿಡಿದು ಅವುಗಳ ಸಂದಿಯಲ್ಲಿ ನಿಲ್ಲುತ್ತಿದ್ದೆವು. ಸಾಗರದ ಕಡೆಯವಳಾದ ನನಗೆ ವಾಹನ ಸಮೇತ ನೀರು ದಾಟುವುದು ಎಂದರೆ ಅಷ್ಟೇ. ಲಾಂಚ್ ಬಂತು, ಹತ್ತಿದೆವು, ಇಳಿದೆವು. ಇದಕ್ಕೂ ಹತ್ತು ದಿನದ ತಯಾರಿ ಬೇಕು ಅಂತ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

2025ರ ಜೂನ್ ತಿಂಗಳಲ್ಲಿ ನಾನು ಇಂಗ್ಲೆಂಡಿನ ಡೋವರ್ ಬಂದರಿನಿಂದ ಫ್ರಾನ್ಸಿನ ಕ್ಯಾಲೆಗೆ ಸಮುದ್ರ ದಾಟಿದೆ. ಅದೂ ಒಂದು ಮನೆಯ ಸಮೇತ! ಆ ಪ್ರವಾಸದ ಕಥೆ ಹೇಳಲು ಕುಳಿತಿಲ್ಲ. ಹೊರಡುವ ಮೊದಲಿನ ಹತ್ತು ದಿನಗಳ ಕಥೆಯನ್ನೇ ಹೇಳಬೇಕಾಗಿದೆ.

ನನ್ನ ಅಕ್ಕ ಮದುವೆಯಾಗಿ ಇಂಗ್ಲೆಂಡಿನ ಲೆಸ್ಟರ್ ಊರಿಗೆ ಹೋಗಿ ಇಪ್ಪತ್ತನಾಲ್ಕು ವರ್ಷವಾಯಿತು. ಭಾವನವರು ಎರಡು ವರ್ಷದ ಹಿಂದೆ ಒಂದು ಹಳೇ ಮೋಟಾರ್ ಹೋಮ್ ಕೊಂಡರು. ಹಾಗೆಂದರೆ ವ್ಯಾನಿನೊಳಗೇ ಒಂದು ಪುಟ್ಟ ಮನೆ ಎನ್ನಿ. ಮಲಗಲು ಹಾಸಿಗೆ, ಎರಡು ಒಲೆಯ ಗ್ಯಾಸು, ಸಿಂಕು, ಮೊಣಕಾಲೆತ್ತರದ ಫ್ರಿಜ್ಜು, ಮೂಲೆಯಲ್ಲಿ ಬಚ್ಚಲು. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆಯೂ ಉಂಟು, ಅದಕ್ಕೆ ಕ್ಯಾರವಾನ್ ಅನ್ನುತ್ತಾರೆ. ನಮ್ಮದನ್ನು ನಾವು ‘ಬಂಡಿ’ ಅಂತಲೇ ಕರೆದೆವು.

“ಈ ಸಲ ನೀನು ಬರಲೇಬೇಕು, ಮೂವರೂ ಫ್ರಾನ್ಸಿಗೆ ಹೋಗೋಣ” ಎಂದು ಅಕ್ಕ ಫೋನಿನಲ್ಲಿ ಹಟ ಹಿಡಿದಳು. ನನ್ನವರಿಗೆ ಜೂನ್ ಎಂದರೆ ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸುವ ಕಾಲ, ಮನೆ ಬಿಡುವಂತಿಲ್ಲ. “ಬೋರ್ಡೋ ಅನ್ನೋದು ಅದೇ ಫ್ರಾನ್ಸಿನ ಊರಿನ ಹೆಸರು ಮಾರಾಯ್ತಿ. ದ್ರಾಕ್ಷಿ ತೋಟಕ್ಕೆ ಅಂತ ಅಲ್ಲೇ ಕಂಡುಹಿಡಿದ ಔಷಧಿ. ನಾನಿಲ್ಲಿ ಹೊಡೆಸ್ತಾ ಇರ್ತೀನಿ, ನೀನು ಊರು ನೋಡಿಕೊಂಡು ಬಾ” ಎಂದು ನಗುತ್ತಲೇ ಕಳಿಸಿಕೊಟ್ಟರು.

ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ, ನನಗೆ ಅಷ್ಟೇನೂ ಉತ್ಸಾಹವಿರಲಿಲ್ಲ. 2018ರಲ್ಲಿ ನಮ್ಮ ಅಮ್ಮ ತೀರಿಕೊಂಡಾಗ ಅಕ್ಕ ಬಂದಿರಲಿಲ್ಲ. ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಐದು ದಿನ ಆಸ್ಪತ್ರೆಯಲ್ಲಿದ್ದಳು. ತೊದಲು ಮಾತಿನಲ್ಲೇ ಮೂರು ಸಲ “ದೊಡ್ಡವಳು ಬಂದ್ಲಾ?” ಎಂದು ಕೇಳಿದ್ದಳು. “ರಜೆ ಸಿಗಲಿಲ್ಲ” ಎಂದು ಅಕ್ಕ ಫೋನ್ ಮಾಡಿದ್ದಳು. ಬಂದದ್ದು ತಿಂಗಳು ಕಳೆದ ಮೇಲೆ. ನಾನು ಬಾಯಿಬಿಟ್ಟು ಏನೂ ಕೇಳಿರಲಿಲ್ಲ. ಆದರೆ ಕೇಳದೆ ಉಳಿದ ಮಾತು ಎಲ್ಲಿಗೆ ಹೋಗುತ್ತದೆ ಹೇಳಿ? ಡಬ್ಬಿಯ ತಳದ ಹುಣಿಸೆಹಣ್ಣಿನ ಹಾಗೆ ಕಪ್ಪಾಗುತ್ತಾ ಅಲ್ಲೇ ಕೂತಿರುತ್ತದೆ.

ಅಕ್ಕನ ಮನೆಗೆ ಕಾಲಿಟ್ಟ ಮಾರನೇ ದಿನವೇ ಅವಳ ಪಟ್ಟಿ ಕಂಡಿತು. ಫ್ರಿಜ್ಜಿನ ಬಾಗಿಲ ಮೇಲೆ ಉದ್ದದ ಎರಡು ಹಾಳೆ, ಒಟ್ಟು ನಲವತ್ತೊಂದು ಸಾಲು! ಒಂದನೇ ಸಾಲು, ಕೆಂಪು ಇಂಕಿನಲ್ಲಿ: ‘ಪಾಸ್‌ಪೋರ್ಟ್ — ತಾರೀಖು ನೋಡು.’ ಎರಡನೇ ಸಾಲು: ‘ಪಾಸ್‌ಪೋರ್ಟ್ — ಇನ್ನೊಮ್ಮೆ ನೋಡು.’ ನನಗೆ ನಗು ಬಂತು.

ಆದರೆ ಕಾಗದಪತ್ರದ ವಿಷಯ ನಗುವಂಥದ್ದಲ್ಲ. ಮಕ್ಕಳು, ಅಕ್ಕತಂಗಿಯರು ಹೊರದೇಶದಲ್ಲಿರುವವರು ಇದನ್ನು ಗಮನಿಸಿ. ಬ್ರಿಟನ್ನಿನ ವೀಸಾ ಬೇರೆ, ಫ್ರಾನ್ಸ್ ಮೊದಲಾದ ದೇಶಗಳಿಗೆ ಸೇರಿ ಕೊಡುವ ಷೆಂಗೆನ್ ವೀಸಾ ಬೇರೆ. ನಮ್ಮ ಪಾಸ್‌ಪೋರ್ಟಿಗೆ ಎರಡೂ ಬೇಕು. ನೆಂಟರ ಮನೆಗೆಂದು ಬ್ರಿಟನ್ನಿಗೆ ಹೋದವರು ಅಲ್ಲಿ ಕೂತು ಷೆಂಗೆನ್ ವೀಸಾ ಮಾಡಿಸುತ್ತೇವೆ ಎಂದುಕೊಂಡರೆ ಸಾಮಾನ್ಯವಾಗಿ ಆಗುವುದಿಲ್ಲ. ನಾವು ವಾಸವಿರುವ ಊರಿನ ಕಡೆಯಿಂದಲೇ ಅರ್ಜಿ ಹಾಕಬೇಕು. ನಾನು ಬೆಂಗಳೂರಿಗೆ ಹೋಗಿ ಬೆರಳಿನ ಗುರುತು ಕೊಟ್ಟು ಬಂದೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯನ್ನೂ ತೋರಿಸಬೇಕು. ಫ್ರಾನ್ಸಿನಿಂದ ಮತ್ತೆ ಇಂಗ್ಲೆಂಡಿಗೆ ಮರಳಬೇಕಲ್ಲ, ಅಲ್ಲಿನ ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಅನುಮತಿ ಇದೆಯೇ ಎಂದೂ ಓದಿಕೊಳ್ಳಬೇಕು. ಅಕ್ಕ ಭಾವನವರದು ಈಗ ಬ್ರಿಟಿಷ್ ಪಾಸ್‌ಪೋರ್ಟು, ವೀಸಾ ಬೇಡ. ಆದರೂ ಪಾಸ್‌ಪೋರ್ಟು ಕೊಟ್ಟು ಹತ್ತು ವರ್ಷ ದಾಟಿರಬಾರದು, ಯೂರೋಪಿನಿಂದ ಹೊರಡುವ ದಿನದ ನಂತರವೂ ಮೂರು ತಿಂಗಳ ಅವಧಿ ಉಳಿದಿರಬೇಕು.

ಇನ್ನು ಬಂಡಿಯ ಪಟ್ಟಿ. ಹಡಗಿನ ಟಿಕೆಟ್ಟು ಬಂಡಿಯ ಉದ್ದ, ಎತ್ತರ ನೋಡಿ ಕೊಡುತ್ತಾರೆ. ಭಾವ ಕಂಪನಿಯ ಪುಸ್ತಕದಲ್ಲಿದ್ದ ಉದ್ದವನ್ನೇ ಬರೆದಿದ್ದರು. ಅಕ್ಕ ಟೇಪು ತಂದು ನನ್ನನ್ನು ಇನ್ನೊಂದು ತುದಿಯಲ್ಲಿ ನಿಲ್ಲಿಸಿದಳು. ಹಿಂಬದಿಗೆ ತಗುಲಿಸಿದ್ದ ಸೈಕಲ್ ಸ್ಟ್ಯಾಂಡು ಲೆಕ್ಕಕ್ಕೇ ಬಂದಿರಲಿಲ್ಲ! ಅದನ್ನು ತಿದ್ದಿಸಿದ್ದಾಯಿತು. ಎತ್ತರ ಒಂಬತ್ತಡಿ ಆರಿಂಚು. ಫ್ರಾನ್ಸಿನ ಸೇತುವೆಗಳ ಮೇಲೆ ಬರೆಯುವುದು ಮೀಟರಿನಲ್ಲಿ. ಆದ್ದರಿಂದ ‘2.9 ಮೀಟರ್’ ಎಂದು ದೊಡ್ಡದಾಗಿ ಬರೆದು ಡ್ರೈವರ್ ಕಣ್ಣಿಗೆ ಬೀಳುವಲ್ಲಿ ಅಂಟಿಸಿದಳು.

ಇಂಗ್ಲೆಂಡಿನಲ್ಲಿ ನಮ್ಮ ಹಾಗೆಯೇ ರಸ್ತೆಯ ಎಡಬದಿ ಓಡಿಸುತ್ತಾರೆ, ಫ್ರಾನ್ಸಿನಲ್ಲಿ ಬಲಬದಿ. ಹಾಗಾಗಿ ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯದಂತೆ ಗಾಜಿಗೆ ಒಂದು ಬಗೆಯ ಸ್ಟಿಕರ್ ಅಂಟಿಸಬೇಕು. ಅಪಾಯ ಸೂಚಿಸುವ ಕೆಂಪು ತ್ರಿಕೋನ, ಹೊಳೆಯುವ ಹಳದಿ ಜಾಕೀಟು ಇರಬೇಕು. ಜಾಕೀಟು ಸಾಮಾನಿನ ಅಡಿಯಲ್ಲಿದ್ದರೆ ಪ್ರಯೋಜನವಿಲ್ಲ, ಕುಳಿತಲ್ಲಿಂದಲೇ ಕೈಗೆ ಸಿಗಬೇಕು. ಬಂಡಿಯ ಹಿಂದೆ ಮೊದಲೆಲ್ಲ ‘ಜಿಬಿ’ ಎಂದು ಹಾಕುತ್ತಿದ್ದರಂತೆ, 2021ರ ಸೆಪ್ಟೆಂಬರ್ 28ರಿಂದ ‘ಯುಕೆ’ ಎಂದಿರಬೇಕು. ವಿಮೆ, ಬಂಡಿಯ ನೋಂದಣಿ ಪತ್ರ, ಲೈಸೆನ್ಸು ಎಲ್ಲವೂ ಮೂಲ ಪ್ರತಿಗಳೇ. ಮತ್ತೆ ಹದಿನೇಳನೇ ಸಾಲು: ‘ಚಾಲಕರು ಇಬ್ಬರು.’ ವಿಮೆಯಲ್ಲಿ ತನ್ನ ಹೆಸರನ್ನೂ ಸೇರಿಸಿ, ಊರ ಹೊರಗಿನ ಖಾಲಿ ಮೈದಾನದಲ್ಲಿ ದಿನಾ ಸಂಜೆ ಅಕ್ಕ ಬಂಡಿ ಓಡಿಸಿ ಅಭ್ಯಾಸ ಮಾಡುತ್ತಿದ್ದಳು. ಚಿಕ್ಕಂದಿನಲ್ಲಿ ಲಾಂಚಿನಲ್ಲಿ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದ ನಮ್ಮಕ್ಕ! “ನಾನೇ ಓಡಿಸ್ತೀನಲ್ಲ, ನಿನಗ್ಯಾಕೆ ಈ ಉಸಾಬರಿ?” ಎಂದು ಭಾವ ಗೊಣಗಿದರು.

ಕಾರಣವಿತ್ತು. ಭಾವನವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಲೈಸೆನ್ಸ್ ಇಲಾಖೆಗೆ ಅದನ್ನು ತಿಳಿಸಿರಬೇಕು. ಓಡಿಸಲು ಕೂರುವ ಮುನ್ನ ಎರಡು ಗಂಟೆಯೊಳಗೆ ರಕ್ತದ ಸಕ್ಕರೆ ನೋಡಿಕೊಂಡಿರಬೇಕು, ದಾರಿಯಲ್ಲಿ ಎರಡು ಗಂಟೆಗೊಮ್ಮೆ ನೋಡಬೇಕು. ಇನ್ಸುಲಿನ್ ಇಡುವ ಫ್ರಿಜ್ಜಿನದೂ ಒಂದು ತಾಪತ್ರಯ. ಬಂಡಿ ಓಡುವಾಗ ಅದು ಬ್ಯಾಟರಿಯಲ್ಲಿ ನಡೆಯುತ್ತದೆ, ನಿಂತಾಗ ಗ್ಯಾಸಿನಲ್ಲಿ. ಹಡಗಿನೊಳಗೆ ಗ್ಯಾಸು ಸಿಲಿಂಡರಿನಲ್ಲೇ ಬಂದ್ ಆಗಬೇಕು. ದಾಟುವಾಗ ವಾಹನಗಳ ಅಂತಸ್ತಿನಲ್ಲಿ ಯಾರೂ ಇರುವಂತಿಲ್ಲ, ಮೇಲೆ ಹೋದವರು ನಡುವೆ ಇಳಿದು ಬರುವಂತಿಲ್ಲ. ಆದ್ದರಿಂದ ಇನ್ಸುಲಿನ್, ಡಾಕ್ಟರ ಚೀಟಿ, ಸಕ್ಕರೆ ನೋಡುವ ಯಂತ್ರ, ಗ್ಲೂಕೋಸ್ ಮಾತ್ರೆ, ಒಂದು ಹೊತ್ತಿನ ಊಟ ಇಷ್ಟನ್ನೂ ಒಂದು ತಣ್ಣಗಿಡುವ ಚೀಲಕ್ಕೆ ಹಾಕಿ ಮೇಲೆ ಒಯ್ಯಬೇಕು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ, ಐಸಿನ ಪೊಟ್ಟಣ ಅದಕ್ಕೆ ನೇರವಾಗಿ ತಾಗಬಾರದು. ಗ್ಲೂಕೋಸ್ ಮಾತ್ರೆಯ ಇನ್ನೊಂದು ಡಬ್ಬಿ ಡ್ರೈವರ್ ಬಾಗಿಲಿನ ಪಾಕೆಟ್ಟಿನಲ್ಲಿ.

ಅಡುಗೆ ಸಾಮಾನು ಜೋಡಿಸುವ ಕೆಲಸ ನನ್ನದು. ಇದರಲ್ಲಾದರೂ ನಾನು ಗಟ್ಟಿಗಿತ್ತಿ ಎಂದುಕೊಂಡೆ. ಅಲ್ಲಿ ಮೊದಲ ಪೆಟ್ಟು ಬಿತ್ತು. ಬ್ರಿಟನ್ನು ಯೂರೋಪಿನ ಒಕ್ಕೂಟದಿಂದ ಹೊರಬಂದ ಮೇಲೆ, 2021ರ ಜನವರಿಯಿಂದ ಅಲ್ಲಿಂದ ಫ್ರಾನ್ಸಿಗೆ ಹೋಗುವವರು ಹಾಲು, ಮೊಸರು, ಬೆಣ್ಣೆ, ತುಪ್ಪ, ಮಾಂಸ ಏನನ್ನೂ ಒಯ್ಯುವಂತಿರಲಿಲ್ಲ. ಹಸಿ ತರಕಾರಿ, ಹಣ್ಣುಗಳಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಅದರಿಂದ ಬಿಟ್ಟಿರುವುದು ಐದೇ ಐದು: ಅನಾನಸು, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಮತ್ತೆ ಹಲಸಿನ ಹಾಗೆ ಮುಳ್ಳುಮುಳ್ಳಾಗಿರುವ ದೂರಿಯನ್ ಹಣ್ಣು. ಕಾಯಿ, ಬಾಳೆಹಣ್ಣಿಗೆ ಅಡ್ಡಿಯಿಲ್ಲ ಎಂದು ಕೇಳಿ ನನಗೆಷ್ಟು ಸಮಾಧಾನವಾಯಿತು ಗೊತ್ತೇ, ದೇವರ ಪೂಜೆಗಾಯಿತಲ್ಲ! ಆದರೆ ಕರಿಬೇವು ಇಲ್ಲ, ಹಸಿಮೆಣಸು ಇಲ್ಲ, ಮೊಸರಿಲ್ಲ. ಮಜ್ಜಿಗೆ ಮೆಣಸನ್ನು ಕೈಯಲ್ಲಿ ಹಿಡಿದು ಅಕ್ಕತಂಗಿ ಇಬ್ಬರೂ ಚರ್ಚೆ ಮಾಡಿದೆವು. ಇದು ಮೆಣಸೋ, ಮಜ್ಜಿಗೆಯೋ? “ಅನುಮಾನ ಬಂದದ್ದು ಬೇಡ” ಎಂದು ಅಕ್ಕ ಅದನ್ನೂ ಎತ್ತಿಟ್ಟಳು.

ಒಗ್ಗರಣೆಯ ಅವಲಕ್ಕಿ, ಚಟ್ನಿಪುಡಿ, ಸಾರಿನಪುಡಿ, ಮೆಂತ್ಯದ ಹಿಟ್ಟು ಕಲಸಿದ ಚಪಾತಿ, ಪುಳಿಯೋಗರೆ ಗೊಜ್ಜು ಎಂದು ನಿರ್ಧಾರವಾಯಿತು. ಗೊಜ್ಜು ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು, ಮಾಡುವ ಕ್ರಮ ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡ ನಿಂಬೆಹಣ್ಣಿನ ಗಾತ್ರದ ಎರಡು ಉಂಡೆ ಹುಣಿಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಸಿ ಗಟ್ಟಿಯಾಗಿ ಕಿವುಚಿ ಸೋಸಿ. ಅರ್ಧ ಬಟ್ಟಲು ಎಳ್ಳೆಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಶೇಂಗಾ, ಇಂಗು ಒಗ್ಗರಣೆ ಮಾಡಿ ಹುಣಿಸೆರಸ, ಉಪ್ಪು, ಅರಿಶಿನ, ಸಣ್ಣ ತುಂಡು ಬೆಲ್ಲ ಹಾಕಿ ಕುದಿಸಿ. ಮೂರು ಚಮಚ ಸಾರಿನಪುಡಿ, ಹುರಿದು ಪುಡಿ ಮಾಡಿದ ಎಳ್ಳು, ಒಣಕೊಬ್ಬರಿ ಸೇರಿಸಿ ಎಣ್ಣೆ ಮೇಲೆ ತೇಲುವವರೆಗೆ ಬಾಡಿಸಿ. ಆರಿದ ಮೇಲೆ ಒಣಗಿದ ಡಬ್ಬಿಗೆ ತುಂಬಿ. ಗಾಜಿನ ಬಾಟಲಿ ಬೇಡ, ಭಾರವೂ ಹೌದು, ಅಲುಗಾಟಕ್ಕೆ ಒಡೆಯುವುದೂ ಹೌದು.

ಎಲ್ಲಾ ಸರಿ, ಆದರೆ ತುಪ್ಪವಿಲ್ಲದೆ ಹನ್ನೆರಡು ದಿನವೇ! ನನ್ನ ಮನಸ್ಸು ಒಪ್ಪಲಿಲ್ಲ. ಅಕ್ಕ ಇಲ್ಲದ ಹೊತ್ತಿನಲ್ಲಿ ಅಲ್ಲಿನ ಉಪ್ಪಿಲ್ಲದ ಬೆಣ್ಣೆ ಕಾಯಿಸಿ ತುಪ್ಪ ಮಾಡಿ, ಒಂದು ಬಾಟಲಿಗೆ ತುಂಬಿ, ಅಕ್ಕಿ ಡಬ್ಬಿಯೊಳಗೆ ಹೂತುಬಿಟ್ಟೆ. ನೋಡುವವರ್ಯಾರು?

ಹೊರಡುವುದಕ್ಕೆ ಮೂರು ದಿನ ಮುಂಚೆ ಬಂಡಿಯನ್ನು ತೂಕಕ್ಕೆ ಒಯ್ದೆವು. ನಮ್ಮಲ್ಲಿ ಲಾರಿ ತೂಕ ಹಾಕುವ ವೇ ಬ್ರಿಡ್ಜ್ ಇರುತ್ತದಲ್ಲ, ಹಾಗೆಯೇ. ಜನ, ನೀರು, ಸಾಮಾನು ಎಲ್ಲ ಸೇರಿ ಆ ಬಂಡಿ 3,500 ಕೆ.ಜಿ. ದಾಟಬಾರದು. ನಮ್ಮದು 3,580! ಭಾವನವರ ಮುಖ ಸಣ್ಣಗಾಯಿತು. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ. ತೂಕ. ಟ್ಯಾಂಕಿನಲ್ಲಿ 90 ಲೀಟರ್ ತುಂಬಿಸಿದ್ದರು. 20 ಉಳಿಸಿ ಮಿಕ್ಕದ್ದನ್ನು ಚೆಲ್ಲಿದರೆ 70 ಕೆ.ಜಿ. ಇಳಿಯಿತು, ನೀರು ಅಲ್ಲಿ ಹೋಗಿ ತುಂಬಿಸಿಕೊಳ್ಳಬಹುದು. ಉಳಿದದ್ದಕ್ಕೆ ಮನೆಗೆ ಬಂದು ಒಂದೊಂದೇ ಸಾಮಾನು ಅಂಗಳಕ್ಕಿಳಿಸಿದೆವು. ಭಾವನವರ ಹತ್ಯಾರದ ಪೆಟ್ಟಿಗೆ, ನನ್ನ ಕಬ್ಬಿಣದ ಕಾವಲಿ... ಹತ್ತು ಕೆ.ಜಿ. ಅಕ್ಕಿಯಲ್ಲಿ ಅರ್ಧ ಸುರಿಯಲೆಂದು ಅಕ್ಕ ಡಬ್ಬಿ ಬಗ್ಗಿಸಿದಳು. ಅನ್ನಪೂರ್ಣೇಶ್ವರಿ ಕೈಬಿಟ್ಟಳು, ತುಪ್ಪದ ಬಾಟಲಿ ಉರುಳಿ ಬಂತು.

“ಏನೇ ಇದು?”

“ಒಂದು ಬಾಟಲಿ ತುಪ್ಪ ಅಕ್ಕ. ಅದನ್ಯಾರು ನೋಡ್ತಾರೆ?”

“ನೋಡ್ತಾರೋ ಬಿಡ್ತಾರೋ ಅದಲ್ಲ ಮಾತು. ಬೇಡ ಅಂದಮೇಲೆ ಬೇಡ ತಾನೆ? ನಿನಗೆ ಹೇಳಿದ್ದೆನಲ್ಲ, ಪಟ್ಟಿಯಲ್ಲೂ ಬರೆದಿದ್ದೆನಲ್ಲ!”

ಅವಳ ದನಿ ಏರಿತ್ತು. ಇಷ್ಟು ವರ್ಷ ತಳದಲ್ಲಿ ಕೂತಿದ್ದದ್ದು ನನ್ನ ಬಾಯಿಂದ ಹೊರಬಿತ್ತು. “ಪಟ್ಟಿ ಪಟ್ಟಿ ಅಂತ ಬಡ್ಕೋತೀಯಲ್ಲ, ಅಮ್ಮ ಹೋಗುವಾಗ ಈ ಪಟ್ಟಿ ಎಲ್ಲಿತ್ತು?”

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಭಾವ ಏನೋ ನೆಪ ಹೇಳಿ ಟೈರಿನ ಗಾಳಿ ನೋಡಲು ಹೋದರು. ಅಕ್ಕ ಮಾತಾಡದೆ ಒಳಗೆ ಹೋದಳು. ಅಳಲು ಹೋದಳೆಂದುಕೊಂಡೆ. ಐದು ನಿಮಿಷದಲ್ಲಿ ಬಂದು, ಮೂಲೆ ಕತ್ತರಿಸಿದ ಒಂದು ಹಳೇ ನೀಲಿ ಪಾಸ್‌ಪೋರ್ಟನ್ನು ನನ್ನ ಮಡಿಲಿಗೆ ಹಾಕಿದಳು.

“ಕೊನೇ ತಾರೀಖು ಓದು.”

2018, ಸೆಪ್ಟೆಂಬರ್ 3. ಅಮ್ಮ ಬಿದ್ದದ್ದು ನವೆಂಬರಿನಲ್ಲಿ.

“ರಜೆ ಸಿಗಲಿಲ್ಲ ಅಂದದ್ದು ಸುಳ್ಳು ಕಣೇ” ಎಂದಳು ಅಕ್ಕ. “ಅದೇ ದಿನ ರಜೆ ಕೊಟ್ಟಿದ್ರು. ಟಿಕೆಟ್ ತೆಗೆಯೋಕೆ ಕೂತಾಗ ಇದು ಮುಗಿದು ಎರಡು ತಿಂಗಳಾಗಿತ್ತು. ಹೊಸದು ಕೈಗೆ ಬರೋ ಹೊತ್ತಿಗೆ ಅಮ್ಮನ ಹನ್ನೊಂದನೇ ದಿನಾನೂ ಕಳೆದಿತ್ತು. ಒಂದು ತಾರೀಖು ನೋಡ್ಕೊಳ್ಳೋ ಯೋಗ್ಯತೆ ನನಗಿರಲಿಲ್ಲ ಅಂತ ಅಪ್ಪನ ಹತ್ರ ಹೆಂಗೆ ಹೇಳ್ಲಿ? ನಿನ್ನ ಹತ್ರ ಹೆಂಗೆ ಹೇಳ್ಲಿ? ರಜೆ ಕೊಡದ ಯಾರೋ ಕೆಟ್ಟವರಾದರೆ ಆಗಲಿ ಅಂತ ಹಾಗಂದೆ.”

ಏನು ಹೇಳಲಿ ಗೆಳತಿಯರೇ? ಏಳು ವರ್ಷ ನಾನು ಅವಳನ್ನು ಕಲ್ಲುಮನಸ್ಸಿನವಳು ಎಂದುಕೊಂಡಿದ್ದೆ. ಏಳು ವರ್ಷ ಅವಳು ಯಾವ ಬಾಗಿಲು ದಾಟುವಾಗಲೂ ಪಟ್ಟಿ ಬರೆಯುತ್ತಿದ್ದಳು. ಇಬ್ಬರೂ ಅಂಗಳದಲ್ಲಿ ಸಾಮಾನುಗಳ ನಡುವೆ ಕೂತು ಅತ್ತೆವು. ಅಮ್ಮ ಮೂರು ಸಲ ಕೇಳಿದಳೆಂಬ ಮಾತನ್ನು ಆವತ್ತು ಅಕ್ಕನಿಗೆ ಹೇಳಿದೆ. ಹೇಳಬಾರದಿತ್ತೇನೋ ಎಂದು ಆಮೇಲೆ ಅನ್ನಿಸಿತು. ಅವಳು ಮಾತ್ರ “ನನ್ನ ನೆನಪು ಮಾಡಿದ್ಲಾ?” ಎಂದು ನನ್ನ ಕೈ ಹಿಡಿದುಕೊಂಡಳು.

ರಾತ್ರಿ ಬಿಸಿ ಅನ್ನ, ಸಾರಿಗೆ ಅದೇ ತುಪ್ಪ ಹಾಕಿಕೊಂಡು ಉಂಡೆವು. ಉಳಿದದ್ದನ್ನು ಪಕ್ಕದ ಮನೆಯ ಗುಜರಾತಿ ಬೆನ್‌ಗೆ ಕೊಟ್ಟೆವು. ಊಟ ಮಾಡುತ್ತಾ ಭಾವ ಆ ನಿಯಮದ ಕಾರಣ ಹೇಳಿದರು. 2001ರಲ್ಲಿ ಬ್ರಿಟನ್ನಿನಲ್ಲಿ ದನ, ಕುರಿಗಳಿಗೆ ಕಾಲುಬಾಯಿ ಜ್ವರ ಬಂದು, ಹರಡದಂತೆ ತಡೆಯಲು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರಂತೆ. 2025ರ ಜನವರಿಯಲ್ಲಿ ಜರ್ಮನಿಯಲ್ಲಿ, ಮಾರ್ಚಿನಲ್ಲಿ ಹಂಗರಿ, ಸ್ಲೊವಾಕಿಯಾಗಳಲ್ಲಿ ಮತ್ತೆ ಆ ಜ್ವರ ಕಾಣಿಸಿತು. ಏಪ್ರಿಲ್ 12ರಿಂದ ಬ್ರಿಟನ್ನೂ ಯೂರೋಪಿನಿಂದ ಪ್ರವಾಸಿಗಳು ಮಾಂಸ, ಹಾಲಿನ ಪದಾರ್ಥ ತರುವುದನ್ನು ನಿಲ್ಲಿಸಿತು. ರೋಗ ಹಾಲು, ಮಾಂಸದ ಮೂಲಕವೂ ದೇಶ ದಾಟುತ್ತದೆ. ನಮ್ಮ ಕೊಟ್ಟಿಗೆಯ ಹಸುವಿಗೆ ಕಾಲುಬಾಯಿ ಜ್ವರ ಬಂದ ವರ್ಷ ಅದು ಮೇವು ಮುಟ್ಟದೆ ಜೊಲ್ಲು ಸುರಿಸುತ್ತಾ ನಿಂತಿದ್ದು ನನ್ನ ಕಣ್ಣಮುಂದೆ ಬಂತು. ಮೊದಲೇ ಹೀಗೆಂದು ಹೇಳಿದ್ದರೆ ಬಾಟಲಿ ಮುಟ್ಟುತ್ತಲೇ ಇರಲಿಲ್ಲ. ನಾನೂ ಕೇಳಿರಲಿಲ್ಲ, ಬಿಡಿ.

ಆಮೇಲಿನ ಎರಡು ದಿನ ಬಂಡಿಯನ್ನು ಇಬ್ಬರೂ ಸೇರಿ ಜೋಡಿಸಿದೆವು. ಭಾರದ ಡಬ್ಬಿಗಳು ಕೆಳಗೆ ಚಕ್ರದ ಹತ್ತಿರ, ಹಗುರದವು ಮೇಲೆ. ತಟ್ಟೆಗಳ ನಡುವೆ ಹಳೇ ಪಂಚೆಯ ತುಂಡು. ಪ್ರತಿ ಕಪಾಟಿಗೂ ಚಿಲಕ. ಮತ್ತೆ ತೂಗಿಸಿದಾಗ 3,490. ಅಕ್ಕ ಪಟ್ಟಿಯಲ್ಲಿ ಒಂದು ಸಾಲು ಹೊಡೆದುಹಾಕುವ ಮುನ್ನ ನಾನು “ಇನ್ನೊಮ್ಮೆ ನೋಡು” ಎನ್ನುತ್ತಿದ್ದೆ, ಅವಳು ನಗುತ್ತಿದ್ದಳು.

ಹೊರಟ ದಿನ ಬೆಳಗಿನ ಜಾವ ಲೆಸ್ಟರ್ ಬಿಟ್ಟು ಸುಮಾರು 300 ಕಿ.ಮೀ. ದೂರದ ಡೋವರ್ ಮುಟ್ಟಿದೆವು. ಫ್ರಾನ್ಸಿನ ಪೊಲೀಸರು ಇಂಗ್ಲೆಂಡಿನ ಈ ದಡದಲ್ಲೇ ಪಾಸ್‌ಪೋರ್ಟು ನೋಡುತ್ತಾರೆ. ಶನಿವಾರದ ಜಾತ್ರೆ, ಸಾಲು ಮುಂದೆ ಹೋಗುತ್ತಲೇ ಇಲ್ಲ. ನನ್ನ ಪಾಸ್‌ಪೋರ್ಟಿಗೆ ಠಸ್ಸೆ ಬಿದ್ದಾಗ ಅಬ್ಬಾ ಎನಿಸಿತು. (2025ರ ಅಕ್ಟೋಬರ್ 12ರಿಂದ ಯೂರೋಪಿನ ಗಡಿಗಳಲ್ಲಿ ಠಸ್ಸೆಯ ಬದಲು ಬೆರಳಿನ ಗುರುತು, ಫೋಟೋ ತೆಗೆಯುವ ಕ್ರಮ ಶುರುವಾಗಿದೆ. ಹೋಗುವವರು ಕೈಯಲ್ಲಿ ಇನ್ನಷ್ಟು ಸಮಯ ಇಟ್ಟುಕೊಳ್ಳಿ.)

ಹಡಗು ಹತ್ತುವ ಸಾಲಿನಲ್ಲಿ ನಿಂತಿದ್ದೇವೆ. ಊಟದ ಹೊತ್ತು ಮೀರಿತ್ತು. ಭಾವನವರ ಹಣೆಯಲ್ಲಿ ಬೆವರು ಕಂಡಿತು. ನಾನು ಬಿಸಿಲೆಂದುಕೊಂಡೆ. ಅಕ್ಕ ಒಮ್ಮೆ ಮುಖ ನೋಡಿದವಳೇ “ಕೀ ಕೊಡಿ” ಎಂದಳು. ಭಾವನವರ ಕೈ ನಡುಗುತ್ತಿತ್ತು. ಯಂತ್ರದಲ್ಲಿ 3.6 ಬಂತು, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 65. ಬಾಗಿಲಿನ ಪಾಕೆಟ್ಟಿನಿಂದ ನಾಲ್ಕು ಗ್ಲೂಕೋಸ್ ಮಾತ್ರೆ ಅವರ ಬಾಯಿಗೆ ಹಾಕಿದ್ದು ನಾನೇ. ಹುಡುಕಬೇಕಾಗಲೇ ಇಲ್ಲ, ಕೈ ತಾನಾಗಿ ಅಲ್ಲಿಗೆ ಹೋಯಿತು. ಹದಿನೈದು ನಿಮಿಷದಲ್ಲಿ 5.4 ಆಯಿತು, ಚಪಾತಿ ತಿಂದರು, ಮುಖಕ್ಕೆ ಕಳೆ ಬಂತು. ಆದರೆ 5ಕ್ಕೆ ಬಂದ ಮೇಲೂ 45 ನಿಮಿಷ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಅಷ್ಟರಲ್ಲಿ ನಮ್ಮ ಸಾಲಿಗೆ ಹಸಿರು ದೀಪ ಬಿತ್ತು.

ಅಕ್ಕ ಡ್ರೈವರ್ ಸೀಟಿಗೆ ಹೋಗಿ ಕುಳಿತಳು. ನನ್ನತ್ತ ತಿರುಗಿ, “ಪುಟ್ಟೀ, ಗ್ಯಾಸು?” ಎಂದಳು.

“ಬಂದ್ ಆಗಿದೆ.”

“ಇನ್ನೊಮ್ಮೆ ನೋಡು.”

ನೋಡಿ ಬಂದೆ. ಕಿಟಕಿ, ಮೆಟ್ಟಿಲು, ಚಿಲಕ ಎಲ್ಲವೂ ಸರಿ. ಅಕ್ಕ ನಿಧಾನವಾಗಿ ಬಂಡಿಯನ್ನು ಆ ದೊಡ್ಡ ಬಾಯಿಯೊಳಗೆ ಏರಿಸಿದಳು. ಕಬ್ಬಿಣದ ಹಲಗೆ ಗಡಗಡ ಎಂದಿತು, ಸಿಗಂದೂರಿನ ಲಾಂಚಿನದೇ ಸದ್ದು! ಲಾರಿಗಳ ನಡುವೆ ಗೇಣು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಡಗು ಓಲಾಡುವಾಗ ಕೂಗಿಕೊಳ್ಳದ ಹಾಗೆ ಬಂಡಿಯ ಅಲಾರಂ ತೆಗೆದು ಇಳಿದಳು. ಅಂತಸ್ತಿನ ನಂಬರು ಅಂಗೈಯಲ್ಲಿ ಬರೆದುಕೊಂಡೆವು. ಮೇಲೆ ಹೋಗಿ ಬೆಳ್ಳಗಿನ ಸುಣ್ಣದ ಬಂಡೆಗಳು ಹಿಂದೆ ಸರಿಯುವುದನ್ನು ನೋಡುತ್ತಾ ಪುಳಿಯೋಗರೆ ತಿಂದೆವು. ಒಂದೂವರೆ ಗಂಟೆಯಲ್ಲಿ ಕ್ಯಾಲೆ ಬಂತು. ಇಳಿಸುವಾಗಲೂ ಅಕ್ಕನೇ ಓಡಿಸಿದಳು. ಪಕ್ಕದಲ್ಲಿ ಭಾವ “ಬಲಕ್ಕೆ, ಬಲಕ್ಕೆ” ಎಂದು ಜಪ ಮಾಡುತ್ತಿದ್ದರು. ಮುಂದೆ ಬೋರ್ಡೋ ಊರನ್ನೂ ನೋಡಿದೆ, ದ್ರಾಕ್ಷಿ ತೋಟಗಳ ಫೋಟೋ ತೆಗೆದು ನನ್ನವರಿಗೆ ಕಳಿಸಿದೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ನಾನು ಊರಿಗೆ ಮರಳುವಷ್ಟರಲ್ಲಿ ಸಿಗಂದೂರಿಗೆ ಸೇತುವೆಯಾಗಿತ್ತು, 2025ರ ಜುಲೈ 14ರಂದು ಉದ್ಘಾಟನೆಯಾಯಿತಲ್ಲ. ಈಗ ಲಾಂಚಿಗೆ ಕಾಯದೆ ಸೀದಾ ಹೋಗಿ ದೇವಿಗೆ ಹಣ್ಣುಕಾಯಿ ಮಾಡಿಸಿ ಬಂದೆ. ಅಮ್ಮನ ಹೆಸರಲ್ಲೊಂದು, ಅಕ್ಕನ ಹೆಸರಲ್ಲೊಂದು.

ನೀವು ಕ್ಯಾಲೆಗೆ ಹೋಗುತ್ತೀರೋ, ಕೊಲ್ಲೂರಿಗೆ ಹೋಗುತ್ತೀರೋ ನನಗೆ ಗೊತ್ತಿಲ್ಲ. ಆದರೆ ನಿಮ್ಮ ಮನೆಯವರು ಯಾರಾದರೂ ದೂರದಲ್ಲಿದ್ದರೆ ಇವತ್ತೇ ಒಂದು ಫೋನ್ ಮಾಡಿ. “ಊಟ ಆಯ್ತಾ?” ಎಂದು ಹೇಗೂ ಕೇಳುತ್ತೀರಿ. ಅದರ ಜೊತೆಗೆ “ಪಾಸ್‌ಪೋರ್ಟಿನ ತಾರೀಖು ನೋಡಿದ್ಯಾ?” ಎಂದೂ ಕೇಳಿಬಿಡಿ. ಕೇಳದೆ ಇಟ್ಟುಕೊಂಡ ಹಳೇ ಮಾತೇನಾದರೂ ಇದ್ದರೆ ಅದನ್ನೂ ಕೇಳಿಬಿಡಿ. ನನ್ನ ಹಾಗೆ ಏಳು ವರ್ಷ ಕಾಯಬೇಡಿ.